ಐವತ್ತೈದರ ಮಗ್ಗಿ

ಇಟ್ಟೂಪ್ ಮಾಷ್ ಅಂಗಡಿಯಲ್ಲಿ ಯಾವ ವಸ್ತುವನ್ನು ಕೈಗೆತ್ತಿಕೊಂಡರೂ, ಅದರ ಬೆಲೆ ಓದಿದ ಮರುಕ್ಷಣ ಅವರ ದೃಷ್ಟಿ ತಾನಾಗಿ ಛಾವಣಿಯತ್ತ, ಅಲ್ಲೊಂದು ಕರಿಹಲಗೆ ತೂಗುಹಾಕಿದೆಯೇನೋ ಎಂಬಂತೆ ಏರಿ ನಿಲ್ಲುತ್ತಿತ್ತು; ತುಟಿಗಳು ಸದ್ದಿಲ್ಲದೆ ಎರಡು ಬಾರಿ ಅಲುಗುತ್ತಿದ್ದವು; ಆಮೇಲೆ ಆ ವಸ್ತು, ಹತ್ತರಲ್ಲಿ ಎಂಟು ಸಲ, ತಾನಿದ್ದ ಜಾಗಕ್ಕೆ ಮೊದಲಿಗಿಂತಲೂ ಒಪ್ಪವಾಗಿ ಹಿಂದಿರುಗುತ್ತಿತ್ತು. ಐರ್ಲೆಂಡಿನ ಕಾರ್ಕ್ ನಗರದ ದೊಡ್ಡ ಆಸ್ಪತ್ರೆಯ ಬೆನ್ನಿಗೆ ಹಬ್ಬಿದ ನಮ್ಮ ಬೀದಿಗಳಲ್ಲಿ ಆಗ ನಲವತ್ತು ಐವತ್ತು ಮಲಯಾಳಿ ಸಂಸಾರಗಳಿದ್ದವು. ಹೆಂಗಸರೆಲ್ಲ ನರ್ಸುಗಳು, ಗಂಡಸರು ಅವರ ಹಿಂದೆ ಬಂದವರು. ಅಷ್ಟೂ ಜನರಲ್ಲಿ ಯೂರೋವನ್ನು ರೂಪಾಯಿಗೆ ಗುಣಿಸಿ ನೋಡದವರು ಒಬ್ಬರೂ ಇರಲಿಲ್ಲ, ನಾನೂ ಸೇರಿದಂತೆ. ಆದರೆ ಉಳಿದವರ ಪಾಲಿಗೆ ಅದು ಮೊದಲ ಆರು ತಿಂಗಳ ಜ್ವರ, ಬೆವರಿ ಇಳಿದುಹೋಗುತ್ತಿತ್ತು. ಮಾಷ್‌ಗೆ ಮೂರು ವರ್ಷವಾದರೂ ಇಳಿಯಲಿಲ್ಲ.

ಅವರ ಲೆಕ್ಕ ರೂಪಾಯಿಗೆ ಬಂದು ನಿಲ್ಲುತ್ತಲೂ ಇರಲಿಲ್ಲ. ಕೇರಳದ ಪಾಲಾ ಊರಿನ ಹತ್ತಿರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹದಿನೇಳು ವರ್ಷ ಗಣಿತ ಕಲಿಸಿ, ಸಂಬಳವಿಲ್ಲದ ದೀರ್ಘ ರಜೆ ಪಡೆದು ಬಂದಿದ್ದ ಅವರಿಗೆ ಹೊರಡುವ ಹೊತ್ತಿಗೆ ತಿಂಗಳಿಗೆ ಹನ್ನೊಂದು ಸಾವಿರ ಸಂಬಳವಿತ್ತು. ಇಪ್ಪತ್ತೈದು ದಿನಕ್ಕೆ ಹಂಚಿದರೆ ದಿನಕ್ಕೆ ನಾನೂರ ನಲವತ್ತು. ಆದ್ದರಿಂದ ಅವರು ಬೆಲೆಯನ್ನು ಮೊದಲು ಐವತ್ತೈದರಿಂದ ಗುಣಿಸಿ, ಬಂದದ್ದನ್ನು ನಾನೂರ ನಲವತ್ತರಿಂದ ಭಾಗಿಸಿ, ಉತ್ತರವನ್ನು ಪಾಠದ ದಿನಗಳಲ್ಲಿ ಹೇಳುತ್ತಿದ್ದರು. ಹನ್ನೆರಡು ಯೂರೋದ ಕ್ಷೌರ ಒಂದೂವರೆ ದಿನದ ಪಾಠ. ಮನೆಯ ಬಾಡಿಗೆ ಒಂಬೈನೂರ ಐವತ್ತು. ಅದು ನಾಲ್ಕೂಮುಕ್ಕಾಲು ತಿಂಗಳ ಪಾಠ. ಬ್ಯಾಂಕಿನ ದರ ಐವತ್ತೆರಡಕ್ಕೆ ಇಳಿಯಲಿ, ಐವತ್ತೆಂಟಕ್ಕೆ ಏರಲಿ, ಮಾಷ್‌ಗೆ ಐವತ್ತೈದೇ. ಯಾರಾದರೂ ತಿದ್ದಲು ಹೋದರೆ, "ದಿನಕ್ಕೊಂದು ಸೂತ್ರ ಇಟ್ಕೊಂಡ್ರೆ ಮಕ್ಕಳಿಗೆ ಏನ್ ಹೇಳ್ಕೊಡೋದು?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹೇಳಿಕೊಡಲು ಮಕ್ಕಳು ಎಲ್ಲಿದ್ದರು ಎಂದು ನಾವು ಕೇಳುತ್ತಿರಲಿಲ್ಲ.

ಎತ್ತರವಲ್ಲದ, ಸಪೂರವಾದ ಮನುಷ್ಯ. ನಡೆಯುವಾಗ ಎಡಗೈಯ ಎರಡು ಬೆರಳು ಪ್ಯಾಂಟಿನ ತೊಡೆಯ ಬಟ್ಟೆಯನ್ನು ತುಸು ಎತ್ತಿ ಹಿಡಿದಿರುತ್ತಿದ್ದವು. ನಲವತ್ತು ವರ್ಷ ಪಂಚೆಯ ಅಂಚು ಹಿಡಿದು ನಡೆದ ಕೈಗೆ ಬೇರೆ ಕೆಲಸ ತಿಳಿದಿರಲಿಲ್ಲ. ಮೈಮೇಲೆ ಸದಾ ಒಂದು ಬೂದುಬಣ್ಣದ ಉಣ್ಣೆಯ ಕೋಟು. ಚರ್ಚಿನ ಹಳೆಬಟ್ಟೆಯ ಅಂಗಡಿಯಲ್ಲಿ ನಾಲ್ಕು ಯೂರೋಗೆ, ಅಂದರೆ ಅರ್ಧ ದಿನದ ಪಾಠಕ್ಕೆ ಕೊಂಡದ್ದು. ಅದರ ಮೂಲ ಒಡೆಯ ಭೀಮಕಾಯನಾಗಿದ್ದಿರಬೇಕು; ಭುಜದ ಹೊಲಿಗೆ ಮಾಷ್‌ರ ತೋಳಿನ ಅರ್ಧಕ್ಕೆ ಬರುತ್ತಿತ್ತು, ತೋಳುಗಳನ್ನು ಒಳಮಡಚಿ ಹೆಂಡತಿ ಎಲ್ಸಮ್ಮ ಹೊಲಿಗೆ ಹಾಕಿಕೊಟ್ಟಿದ್ದಳು. ಕೋಟಿನ ಬಲಜೇಬಿನಲ್ಲಿ ನಾಲ್ಕಾಗಿ ಮಡಚಿದ ಬಟ್ಟೆಚೀಲ ಯಾವಾಗಲೂ ಇರುತ್ತಿತ್ತು. ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸರ್ಕಾರ ತೆರಿಗೆ ಹಾಕಿದ್ದ ಆ ದೇಶದಲ್ಲಿ ಮಾಷ್ ಒಂದೇ ಒಂದು ಚೀಲಕ್ಕೂ ದುಡ್ಡು ತೆತ್ತವರಲ್ಲ. ಈ ತೆರಿಗೆ ತುಂಬ ನ್ಯಾಯವಾದದ್ದೆಂದು ಅದನ್ನು ಕೊಡದೆಯೇ ಹೊಗಳುತ್ತಿದ್ದರು.

ಎಲ್ಸಮ್ಮ ಎರಡು ವರ್ಷ ಮೊದಲೇ ಬಂದು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ನೆಲೆಯೂರಿದ್ದಳು. ಹತ್ತು ವರ್ಷದ ಮಗಳು ಟೆಸ್ಸಿಯ ಕೈಹಿಡಿದು ಮಾಷ್ ವಿಮಾನ ಇಳಿದಾಗ ಅವರ ಪೆಟ್ಟಿಗೆಯಲ್ಲಿ ಗಣಿತದ ಪಠ್ಯಪುಸ್ತಕಗಳಿದ್ದವು. ಇಲ್ಲಿನ ಯಾವುದಾದರೂ ಶಾಲೆಯಲ್ಲಿ ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯಿತ್ತು. ಶಿಕ್ಷಕರ ನೋಂದಣಿಗೆ ಬೇಕಾದ ಕಾಗದಗಳು ಊರಿನ ವಿಶ್ವವಿದ್ಯಾಲಯದಿಂದ ಬರಬೇಕಿತ್ತು. ಒಂದು ಬಂದರೆ ಇನ್ನೊಂದು ಬರಲಿಲ್ಲ, ಎರಡೂ ಬಂದಾಗ ಮೂರನೆಯದನ್ನು ಕೇಳಿದರು. ನಮ್ಮಲ್ಲಿ ಬೇರೆಯವರು ಅಷ್ಟು ಕಾಯಲಿಲ್ಲ. ಕೊಟ್ಟಾಯಂನ ಬ್ಯಾಂಕ್ ಗುಮಾಸ್ತ ಚಾಕೋಚ್ಚನ್ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಲು ಸೇರಿದ, ನಾನು ಟ್ಯಾಕ್ಸಿ ಹಿಡಿದೆ. ಮಾಷ್ ಮಾತ್ರ ಅಂಚೆಯವನ ದಾರಿ ನೋಡುತ್ತ, ಅಡುಗೆ ಮಾಡುತ್ತ, ಮಗಳನ್ನು ಶಾಲೆಗೆ ಬಿಟ್ಟು ಕರೆತರುತ್ತ ಉಳಿದರು. "ಮಾಷ್, ಸದ್ಯಕ್ಕೆ ಏನಾದ್ರೂ ಕೆಲಸ ಹಿಡೀರಿ, ನಾಳೆ ಶಾಲೆ ಸಿಕ್ಕರೆ ಬಿಟ್ರಾಯ್ತು," ಎಂದು ಚಾಕೋಚ್ಚನ್ ಹೇಳಿದರೆ, "ನಾಳೆ ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯೋ ಕೈ ಇದು, ಇವತ್ತು ಸ್ವಲ್ಪ ಖಾಲಿ ಇರ್ಲಿ ಬಿಡು," ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು.

ಖಾಲಿ ಕೈ ಎಂದರೂ ಆ ಕೈ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಯಾವ ಅಂಗಡಿಯಲ್ಲಿ ಸಂಜೆ ಏಳಕ್ಕೆ ಬ್ರೆಡ್ಡಿನ ಮೇಲೆ ಹಳದಿ ಚೀಟಿ ಅಂಟಿಸಿ ಅರ್ಧಬೆಲೆಗೆ ಇಳಿಸುತ್ತಾರೆ, ಪಾಕಿಸ್ತಾನಿಯ ಅಂಗಡಿಗೆ ಯಾವ ವಾರ ಹಸಿ ಮರಗೆಣಸು ಬರುತ್ತದೆ, ಕಸದ ಡಬ್ಬಿಗೆ ಕಟ್ಟುವ ಹಣದ ಚೀಟಿಯನ್ನು ಎರಡು ಮನೆಯವರು ಸೇರಿ ಹೇಗೆ ಹಂಚಿಕೊಳ್ಳಬಹುದು, ಇವೆಲ್ಲ ಮಾಷ್‌ಗೆ ಕರಗತ. ಹೊಸದಾಗಿ ಬಂದಿಳಿದ ಸಂಸಾರ ಮೊದಲು ಕಾಣುತ್ತಿದ್ದದ್ದು ಪಾದ್ರಿಯನ್ನಲ್ಲ, ಅವರನ್ನು. ಬಂದವರನ್ನು ಅವರು ಒಂದು ಶನಿವಾರ ಕಾಲ್ನಡಿಗೆಯಲ್ಲಿ ಊರೆಲ್ಲ ಸುತ್ತಿಸುತ್ತಿದ್ದರು. ಬಸ್ಸು ಹತ್ತಿದರೆ ಅದೂ ಖರ್ಚಲ್ಲವೇ.

ಈ ವಿದ್ಯೆಯಲ್ಲಿ ಅವರ ಮಹಾಶೋಧವೆಂದರೆ ಮೀನಿನ ತಲೆ. ನಗರದ ಹಳೆಯ ಮಾರುಕಟ್ಟೆಯಲ್ಲಿ ಡೋನಲ್ ಎಂಬ ಕೆಂಪುಗಡ್ಡದ ಮೀನು ವ್ಯಾಪಾರಿ ಸಾಲ್ಮನ್ ಮೀನನ್ನು ಹೋಳು ಮಾಡಿ ಮಾರಿ, ಒಂದೊಂದೂ ಕಿಲೋ ತೂಗುವ ತಲೆಗಳನ್ನು ಬಕೀಟಿಗೆ ಎಸೆಯುತ್ತಿದ್ದುದನ್ನು ಮಾಷ್ ಒಂದು ಬೆಳಿಗ್ಗೆ ಕಂಡರು. ಊರಿಂದ ತಂದ ಕೊಡಂಪುಳಿಯ ಹುಳಿ ಹಾಕಿ ಕೆಂಪಗೆ ಕುದಿಸಿದರೆ ಒಂದು ತಲೆ ನಾಲ್ಕು ಜನರ ಊಟ. ಅದು ಕಸಕ್ಕೆ ಹೋಗುತ್ತಿತ್ತು. ಮಾಷ್ ಕೇಳಿದರು, ಡೋನಲ್ ಕೊಟ್ಟ, ದುಡ್ಡು ಬೇಡವೆಂದ. ಹೆಸರು ಕೇಳಿದಾಗ ಮಾಷ್ ತಮ್ಮನ್ನು ಎಲ್ಲರೂ ಕರೆಯುವ ಹೆಸರನ್ನೇ ಹೇಳಿದರು. ಮಾಷ್ ಎಂದರೆ ನಮ್ಮ ಮಲಯಾಳದಲ್ಲಿ ಮೇಷ್ಟ್ರು, ಆ ಜನರ ಮಾತಿನಲ್ಲಿ ಹಿಸುಕಿದ ಆಲೂಗೆಡ್ಡೆಯ ಮುದ್ದೆ. ಡೋನಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿಂದ ಅವರಿಬ್ಬರದು ಆತ್ಮೀಯ ಸ್ನೇಹ.

"ಏನಪ್ಪಾ ಮಾಷ್, ವಾರಕ್ಕೆ ನಾಲ್ಕು ತಲೆ ಒಯ್ತೀಯ, ಬೆಕ್ಕು ಸಾಕಿದ್ದೀಯಾ?"

"ಮೂರಿವೆ. ಒಂದು ಶಾಲೆಗೆ ಹೋಗುತ್ತೆ, ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೆ."

"ಮೂರನೇದು?"

"ಮೂರನೇದು ತಲೆ ಹೊರುತ್ತೆ."

ಮಾಷ್ ಈ ರಹಸ್ಯವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಜೀವಮಾನವಿಡೀ ಬಿಟ್ಟಿ ಮೀನು ತಿನ್ನಬಹುದಿತ್ತು. ಆದರೆ ಕಂಡದ್ದನ್ನು ಕಲಿಸದೆ ಇರಲಾರದ ಚಟ ಹದಿನೇಳು ವರ್ಷದ್ದು. ಮೂರು ತಿಂಗಳಲ್ಲಿ ಡೋನಲ್‌ನ ಮುಂದೆ ಶನಿವಾರ ಹತ್ತು ಹನ್ನೆರಡು ಮಲಯಾಳಿಗಳ ಸಾಲು ನಿಲ್ಲತೊಡಗಿತು, ಆಮೇಲೊಂದು ವಾರ ಬಕೀಟು ಕಾಣೆಯಾಗಿ, ಮಂಜುಗಡ್ಡೆಯ ಮೇಲೆ ತಲೆಗಳು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಚೀಟಿ: ಒಂದಕ್ಕೆ ಎರಡು ಯೂರೋ. ಮಾಷ್ ಚೀಟಿ ಓದಿದರು, ಛಾವಣಿ ನೋಡಿದರು.

"ಕಾಲು ದಿನದ ಪಾಠ," ಎಂದರು.

ಡೋನಲ್‌ಗೆ ಅರ್ಥವಾಗದಿದ್ದರೂ ಮುಜುಗರವಾಯಿತು. "ನಿಮ್ಮವರೇ ಬಂದು ಬಂದು ಕೇಳಿದ್ರು ಮಾಷ್. ಇಷ್ಟು ಜನಕ್ಕೆ ಬೇಕು ಅಂದ್ಮೇಲೆ ಅದನ್ನ ಕಸ ಅನ್ನೋಕಾಗುತ್ತಾ? ನಿನಗೆ ಮಾತ್ರ ಹಾಗೇ ಕೊಡ್ತೀನಿ, ಹಿಂದುಗಡೆಯಿಂದ ಬಾ."

"ಬೇಡ. ಬೆಲೆ ಬರೆದಾದ್ಮೇಲೆ ಬೆಲೆ ಕೊಡಬೇಕು," ಎಂದು ಮಾಷ್ ಎರಡು ಯೂರೋ ಇಟ್ಟು ಒಂದೇ ತಲೆ ತಂದರು. ಚಾಕೋಚ್ಚನ್ ಇದನ್ನು ಬೀದಿಯೆಲ್ಲ ಹಾಡಿಕೊಂಡು ಬಂದ. ಜಿಪುಣ ಎಂದು ನಾವು ಹಚ್ಚಿದ್ದ ಹಣೆಪಟ್ಟಿ ಸರಿಯಿಲ್ಲವೆಂದು ನನಗೆ ಮೊದಲು ಅನ್ನಿಸಿದ್ದು ಅಂದು.

ಎರಡನೆಯ ಸಲ ಅನ್ನಿಸಿದ್ದು ಟೆಸ್ಸಿಯ ಶಾಲೆಯವರು ಮಕ್ಕಳನ್ನು ಫ್ರಾನ್ಸಿಗೆ ಪ್ರವಾಸ ಕರೆದೊಯ್ಯುತ್ತೇವೆಂದು ಮುನ್ನೂರ ಐವತ್ತು ಯೂರೋ ಕೇಳಿದಾಗ. ನಾನು ಅವರ ಅಡುಗೆಮನೆಯಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಮಗಳು ಕಾಗದ ಮುಂದಿಟ್ಟು, ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು. ಮಾಷ್ ಓದಿದರು, ಕಣ್ಣು ಮೇಲೇರಲಿಲ್ಲ, ತುಟಿ ಅಲುಗಲಿಲ್ಲ. "ಅಮ್ಮ ಬಂದ ಮೇಲೆ ಸಹಿ ಹಾಕಿಸ್ಕೋ. ಅಲ್ಲಿ ಚಳಿ ಇರುತ್ತೇನೋ, ಒಂದು ಒಳ್ಳೇ ಜಾಕೆಟ್ ತಗೋಬೇಕು," ಎಂದಷ್ಟೇ ಹೇಳಿ ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದರು. ಎಲ್ಸಮ್ಮನ ಬೂಟು, ಎಲ್ಸಮ್ಮನ ಬಸ್ ಪಾಸು, ಊರಲ್ಲಿದ್ದ ಎಲ್ಸಮ್ಮನ ತಾಯಿಯ ಔಷಧಿ, ಇವು ಯಾವುವೂ ಐವತ್ತೈದರ ಮಗ್ಗಿಗೆ ಒಳಪಟ್ಟಿರಲಿಲ್ಲ. ಹಾಗಾದರೆ ಒಳಪಟ್ಟಿದ್ದೇನು ಎಂದು ಯೋಚಿಸಿ ನೋಡಿದರೆ, ಅವರೊಬ್ಬರ ಕೂದಲು, ಅವರೊಬ್ಬರ ಬಟ್ಟೆ, ಅವರೊಬ್ಬರ ಹೊಟ್ಟೆ.

ಮತ್ತು ಅವರೊಬ್ಬರ ಚಳಿ. ಇದು ಎಲ್ಸಮ್ಮನಿಗೆ ಗೊತ್ತಾದದ್ದು ಎರಡನೆಯ ವರ್ಷದ ಡಿಸೆಂಬರಿನಲ್ಲಿ, ಪಕ್ಕದ ಮನೆಯ ನೋರೀನ್ ಎಂಬ ಮುದುಕಿಯ ಬಾಯಿಂದ. ನೋರೀನ್ ವಿಧವೆ, ಮಾಷ್‌ರನ್ನು ಕಂಡರೆ ಅಪಾರ ಗೌರವ.

"ನಿನ್ನ ಗಂಡ ಭಾರಿ ಓದಿನ ಮನುಷ್ಯ ಕಣಮ್ಮ," ಎಂದಳು ನೋರೀನ್, ಬೇಲಿಯಾಚೆಯಿಂದ. "ನಾನು ಯಾವಾಗ ಲೈಬ್ರರಿಗೆ ಹೋದ್ರೂ ಅಲ್ಲೇ ಇರ್ತಾನೆ. ಬೆಳಿಗ್ಗೆ ಹತ್ತಕ್ಕೂ ಇರ್ತಾನೆ, ಮಧ್ಯಾಹ್ನವೂ ಇರ್ತಾನೆ. ಹೀಟರಿನ ಪಕ್ಕದ ಕುರ್ಚಿ ಅವನದೇ."

ಎಲ್ಸಮ್ಮ ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಎಂಟರ ಮೇಲೆ ಬರುವವಳು. ಬಂದಾಗ ಮನೆ ಬೆಚ್ಚಗಿರುತ್ತಿತ್ತು, ಅನ್ನ ಬಿಸಿಯಾಗಿರುತ್ತಿತ್ತು, ಹೋಗುವಾಗಲೂ ಹಾಗೆಯೇ. ನಡುವಿನ ಹೊತ್ತಿನ ಬಗ್ಗೆ ಅವಳು ಯೋಚಿಸಿರಲಿಲ್ಲ. ಆ ದಿನ ಅವಳು ಗಂಡನನ್ನು ಎದುರು ಕೂರಿಸಿಕೊಂಡಳು.

"ಲೈಬ್ರರಿಯಲ್ಲಿ ಏನ್ ಓದ್ತೀರಿ ಇಚ್ಚಾಯಾ?"

"ಪೇಪರು."

"ಆರು ಗಂಟೆ ಹೊತ್ತು?"

"ಇಲ್ಲಿನ ಪೇಪರು ದಪ್ಪ ಇರುತ್ತೆ."

"ನಾನು ಹೋದ ತಕ್ಷಣ ಹೀಟರ್ ಆರಿಸ್ತೀರಿ. ಟೆಸ್ಸಿ ಶಾಲೆ ಬಿಡೋ ಹೊತ್ತಿಗೆ ಅವಳ ಕೋಣೆಯದ್ದು ಮಾತ್ರ ಹಾಕ್ತೀರಿ. ನಾನು ಬರೋಕೆ ಅರ್ಧ ಗಂಟೆ ಮುಂಚೆ ಎಲ್ಲ ಹಾಕ್ತೀರಿ. ಸರಿ ತಾನೇ?"

ಮಾಷ್ ಕೋಟಿನ ಗುಂಡಿ ತಿರುಗಿಸಿದರು. "ಒಬ್ಬನಿಗೋಸ್ಕರ ಮೂರು ಕೋಣೆ ಕಾಯಿಸೋದು ಯಾವ ಶಾಸ್ತ್ರದಲ್ಲಿ ಬರೆದಿದೆ? ಆದ್ದರಿಂದ..."

ಈ 'ಆದ್ದರಿಂದ' ಅವರ ಮಾತಿನ ಊರುಗೋಲು. ಪ್ರಮೇಯದ ಕೊನೆಯ ಸಾಲು ಬರೆಯುವವರಂತೆ ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲೊಂದು ಚಿಕ್ಕ ಗೆರೆ ಎಳೆಯುವರು. ಗೆರೆ ಬಿದ್ದಮೇಲೆ ವಾದಕ್ಕೆ ಎಡೆಯಿಲ್ಲ. ಎಲ್ಸಮ್ಮ ಹದಿನಾರು ವರ್ಷದಿಂದ ಆ ಗೆರೆಯನ್ನು ಬಲ್ಲವಳು. "ಇದು ಮನೆ ಇಚ್ಚಾಯಾ, ಶವಾಗಾರ ಅಲ್ಲ. ನಾನು ಎರಡನ್ನೂ ನೋಡಿದ್ದೀನಿ," ಎಂದು ಎದ್ದುಹೋದಳು. ಮಾಷ್ ಅಂದಿನಿಂದ ಹಗಲು ಒಂದು ಕೋಣೆಯ ಹೀಟರನ್ನು ಒಂದು ಗಂಟೆ ಹಾಕಲು ಒಪ್ಪಿದರು. ಲೈಬ್ರರಿಯ ಕುರ್ಚಿಯನ್ನೂ ಬಿಡಲಿಲ್ಲ.

ಹಲ್ಲಿನ ಕಥೆ ಆರಂಭವಾದದ್ದು ಮೂರನೆಯ ವರ್ಷದ ಸೆಪ್ಟೆಂಬರಿನಲ್ಲಿ. ಕೆಳದವಡೆಯ ಬಲಗಡೆಯ ಕೊನೆಯ ಹಲ್ಲು. ಹಲ್ಲುನೋವನ್ನು ಊರಿಗೆ ಹೊತ್ತೊಯ್ಯುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಪದ್ಧತಿ. ಕೊಚ್ಚಿಗೆ ಹೋಗುವ ವಿಮಾನದಲ್ಲಿ ಅರ್ಧ ಜನ ಹಲ್ಲು ತೋರಿಸಲು, ಇನ್ನರ್ಧ ಜನ ಕನ್ನಡಕ ಮಾಡಿಸಲು ಕೂತಿರುತ್ತಾರೆಂದು ಚಾಕೋಚ್ಚನ್ ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮಾಷ್ ದಂತವೈದ್ಯರ ಬಾಗಿಲಿನವರೆಗೆ ಹೋಗಿ, ಗಾಜಿಗೆ ಅಂಟಿಸಿದ್ದ ದರಪಟ್ಟಿ ಓದಿ ಬಂದರು. ಕೀಳಿಸಲು ಎಂಬತ್ತು ಯೂರೋ: ಹತ್ತು ದಿನದ ಪಾಠ. ಉಳಿಸಿಕೊಳ್ಳಲು ಆರುನೂರು: ಮೂರು ತಿಂಗಳು. ಮಾರ್ಚ್ ತಿಂಗಳಿಗೆ ಊರಿನ ಟಿಕೇಟು ಆಗಲೇ ಕೊಂಡಾಗಿತ್ತು. ಪಾಲಾದಲ್ಲಿ ಅವರ ಶಿಷ್ಯನೇ ಒಬ್ಬ ದಂತವೈದ್ಯ, ನೂರೈವತ್ತು ರೂಪಾಯಿ ಕೊಟ್ಟರೂ ತೆಗೆದುಕೊಳ್ಳುವವನಲ್ಲ. ಆರು ತಿಂಗಳು ಎಡದವಡೆಯಲ್ಲಿ ಅಗಿದರೆ ಆಯಿತು ಎಂದು ನಿರ್ಧರಿಸಿದರು.

ಲವಂಗದೆಣ್ಣೆ ಹಚ್ಚಿದರು. ಉಪ್ಪುನೀರು ಮುಕ್ಕಳಿಸಿದರು. ನೋವು ಬರುತ್ತಿತ್ತು, ಹೋಗುತ್ತಿತ್ತು. ಹೋದಾಗಲೆಲ್ಲ ತಮ್ಮ ನಿರ್ಧಾರ ಸರಿಯೆಂದುಕೊಂಡರು. ಎಲ್ಸಮ್ಮನೆದುರು ಎಂದಿನಂತೆ ಮಾತಾಡಿದರು; ನರ್ಸ್ ಹೆಂಡತಿಯಿಂದ ನೋವು ಮುಚ್ಚಿಡುವುದು ಸುಲಭವಲ್ಲ, ಆದರೆ ಹನ್ನೆರಡು ಗಂಟೆ ಕಾಲ ಮೇಲೆ ನಿಂತು ಬಂದವಳು ಗಂಡನ ಬಾಯೊಳಗೆ ಇಣುಕುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಟೆಸ್ಸಿಗೆ ಮಾತ್ರ ತಿಳಿಯಿತು, ಅಪ್ಪ ಅನ್ನವನ್ನು ಗಂಜಿಯಂತೆ ಕಿವುಚಿ ನುಂಗುವುದನ್ನು ಕಂಡು. "ಅಮ್ಮನಿಗೆ ಹೇಳಬೇಡ. ಅವಳಿಗೆ ಇದ್ದ ಕೆಲಸವೇ ಸಾಕು," ಎಂದು ಮಾಷ್ ಮಾತು ತೆಗೆದುಕೊಂಡಿದ್ದರು.

ಜನವರಿಯ ಎರಡನೆಯ ವಾರ ಮುಖದ ಬಲಭಾಗ ಊದಿಕೊಂಡಿತು. ಚಳಿಗೆ ಮಫ್ಲರ್ ಸುತ್ತಿಕೊಳ್ಳುವ ಊರು. ಸುತ್ತಿಕೊಂಡರೆ ಯಾರಿಗೂ ಕಾಣದು; ಎಲ್ಸಮ್ಮನೆದುರು ಮನೆಯೊಳಗೂ ಬಿಚ್ಚಲಿಲ್ಲ. ಗುರುವಾರ ಬೆಳಿಗ್ಗೆ ಎಲ್ಸಮ್ಮ ಕೆಲಸಕ್ಕೆ ಹೋದಮೇಲೆ ಮಾಷ್ ಅಂಗಿಯ ಮೇಲಿನ ಗುಂಡಿ ಹಾಕಲು ಹೋದರೆ ಗುಂಡಿ ಮುಟ್ಟಲಿಲ್ಲ. ಗದ್ದದ ಕೆಳಗೆ ಕುತ್ತಿಗೆ ಕಲ್ಲಿನಂತಾಗಿತ್ತು. ನಾಲಿಗೆ ಮೇಲೆದ್ದು ಅಂಗುಳಿಗೆ ಒತ್ತುತ್ತಿತ್ತು. ಮೈ ಸುಡುತ್ತಿದ್ದರೂ ಅಭ್ಯಾಸಬಲದಿಂದ ಕೋಟು ತೊಟ್ಟು, ಹೀಟರ್ ಆರಿಸಿ, ಬಾಗಿಲು ಹಾಕಿ, ಲೈಬ್ರರಿಯ ಕಡೆಗೆ ಹೊರಟರು. ಮಾತ್ರೆ ಕೊಳ್ಳಬೇಕೆಂದಿದ್ದರು. ಔಷಧಿ ಅಂಗಡಿಯ ಮುಂದೆ ನಡೆಯಲಾಗದೆ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ನುಂಗಲಾರದ ಉಗುಳು ಬಾಯಿಂದ ಸೋರಿ ಮಫ್ಲರನ್ನು ತೋಯಿಸುತ್ತಿತ್ತು. ಅದನ್ನು ಒರೆಸಿಕೊಳ್ಳುವ ನಾಚಿಕೆಯ ನಡುವೆ, ಉಸಿರು ಮೊದಲಿನಂತೆ ಸಲೀಸಾಗಿ ಒಳಗೆ ಹೋಗುತ್ತಿಲ್ಲವೆಂಬುದು ಅವರ ಅರಿವಿಗೆ ಬಂತು.

ನೋರೀನ್ ಕಂಡದ್ದು ಅಲ್ಲಿ. "ಮಾಷ್, ಏನಾಗಿದೆ ನಿನಗೆ?" ಎಂದವಳಿಗೆ ಉತ್ತರವಾಗಿ ಅವರು ಬಾಯಿ ತೆರೆದರು, ಮಾತು ಬರಲಿಲ್ಲ. ಕೈಯಿಂದ ಬೇಡ, ಬೇಡ ಎಂದು ಸನ್ನೆ ಮಾಡಿದರು. ಎಪ್ಪತ್ತೆರಡರ ಆ ಹೆಂಗಸು ಬೇಡ ಎಂಬುದನ್ನು ಕೇಳುವವಳಲ್ಲ. ನಡುರಸ್ತೆಗೆ ಇಳಿದು ಕೈಯಡ್ಡ ಹಾಕಿ ಒಂದು ಕಾರು ನಿಲ್ಲಿಸಿ, ಅವರನ್ನು ಹಿಂದಿನ ಸೀಟಿಗೆ ತಳ್ಳಿ, ಎರಡು ಫರ್ಲಾಂಗ್ ದೂರದ ಆಸ್ಪತ್ರೆಗೆ ಒಯ್ದಳು.

ಹಲ್ಲಿನ ಬುಡದ ಕೀವು ನಾಲಿಗೆಯ ಕೆಳಗಿಂದ ಕುತ್ತಿಗೆಗೆ ಇಳಿದಿತ್ತು. ಇನ್ನರ್ಧ ದಿನ ತಡವಾಗಿದ್ದರೆ ಉಸಿರಿನ ದಾರಿ ಮುಚ್ಚಿಹೋಗುತ್ತಿತ್ತು ಎಂದರು ವೈದ್ಯರು. ಕುತ್ತಿಗೆ ಕೊಯ್ದು ಕೀವು ತೆಗೆಯಬೇಕು, ಗಂಟಲಿಗೆ ರಂಧ್ರ ಮಾಡಿ ಕೊಳವೆ ಇಡಬೇಕು, ಈಗಲೇ. ತಳ್ಳುಮಂಚದ ಮೇಲೆ ಅವರನ್ನು ಒಯ್ದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹಸಿರು ಬಟ್ಟೆ ತೊಟ್ಟು ಉಪಕರಣ ಜೋಡಿಸುತ್ತಿದ್ದವಳು ಎಲ್ಸಮ್ಮನೇ. ಒಳಬಂದ ರೋಗಿಯ ಮುಖ ಗುರುತು ಸಿಗದಷ್ಟು ಊದಿತ್ತು. ಅವಳು ಗುರುತು ಹಿಡಿದದ್ದು, ಹೊದಿಕೆಯ ಮೇಲೆ ಎಡಗೈಯ ಎರಡು ಬೆರಳು ಬಟ್ಟೆ ಎತ್ತಿ ಹಿಡಿದಿದ್ದ ರೀತಿಯಿಂದ. ಜೊತೆಯವರು ಅವಳನ್ನು ಹೊರಗೆ ಕಳಿಸಿ ಇನ್ನೊಬ್ಬಳನ್ನು ನಿಲ್ಲಿಸಿದರು. ನೆತ್ತಿಯ ಮೇಲಿನ ದೊಡ್ಡ ದೀಪಗಳ ಬೆಳಕಿನಲ್ಲಿ ಮಾಷ್ ಕೊನೆಗೆ ಕಂಡದ್ದು, ಬಾಗಿಲ ಬಳಿ ಕೈಗವಸು ಕಳಚುತ್ತ ತಮ್ಮನ್ನೇ ನೋಡುತ್ತಿದ್ದ ಹೆಂಡತಿಯ ಕಣ್ಣುಗಳನ್ನು. ಬಾಯಿ ಮೂಗು ಮುಖವಸ್ತ್ರದಲ್ಲಿ ಮುಚ್ಚಿದ್ದರಿಂದ ಅವಳು ಸಿಟ್ಟಾಗಿದ್ದಾಳೋ ಹೆದರಿದ್ದಾಳೋ ತಿಳಿಯಲಿಲ್ಲವಂತೆ.

ಮೂರನೆಯ ದಿನ ಮಧ್ಯಾಹ್ನ ಅವರು ದಿಂಬಿಗೊರಗಿ ಕೂರುವಂತಾದರು. ಗಂಟಲಲ್ಲಿ ಕೊಳವೆಯಿದ್ದುದರಿಂದ ಮಾತಿಲ್ಲ. ಒಂದು ಕಾಗದದ ಕಟ್ಟು, ಪೆನ್ಸಿಲು ಕೊಟ್ಟಿದ್ದರು. ಎಲ್ಸಮ್ಮ ಬಂದು ಪಕ್ಕದಲ್ಲಿ ಕೂತಾಗ ಅವರು ಬರೆದ ಮೊದಲ ಮಾತು: ಎಷ್ಟಾಯಿತು?

ಎಲ್ಸಮ್ಮ ಅದನ್ನು ಓದಿ, ಹಾಳೆ ಹರಿದು, ಮಡಚಿ ಜೇಬಿಗಿಟ್ಟುಕೊಂಡಳು.

"ಸೆಪ್ಟೆಂಬರಿನಿಂದ ನೋವಿತ್ತಂತೆ. ಟೆಸ್ಸಿ ಅತ್ತುಕೊಂಡು ಹೇಳಿದ್ಳು. ಎಂಬತ್ತು ಯೂರೋಗೆ ಹೋಗೋ ಹಲ್ಲು. ಎಂಬತ್ತು ಇರ್ಲಿಲ್ವಾ ನಮ್ಮ ಹತ್ರ?"

ಮಾಷ್ ಪೆನ್ಸಿಲು ಎತ್ತಿಕೊಂಡರು. ಆಮೇಲೆ, ಕರಿಹಲಗೆಯ ಮೇಲೆ ಬರೆಯುವ ದುಂಡನೆಯ ಅಕ್ಷರಗಳಲ್ಲಿ ಬರೆದು ಕಾಗದವನ್ನು ಅವಳ ಕಡೆಗೆ ತಿರುಗಿಸಿದರು.

ಸಂಬಳ ನಿನ್ನದು. ಹಲ್ಲು ನನ್ನದು.

ಎಲ್ಸಮ್ಮ ಓದಿದಳು. ಎದ್ದು, ಸರಿಯಾಗಿಯೇ ಇಳಿಯುತ್ತಿದ್ದ ಸಲೈನ್ ಬಾಟಲಿಯನ್ನು ನೋಡಿದಳು, ಸರಿಯಾಗಿಯೇ ಇದ್ದ ಹೊದಿಕೆಯನ್ನು ಸರಿಮಾಡಿದಳು. ಮತ್ತೆ ಕೂತಾಗ ಅವಳ ದನಿ ವಾರ್ಡಿನಲ್ಲಿ ಮಾತಾಡುವ ದನಿಯೇ ಆಗಿತ್ತು.

"ಟೆಸ್ಸಿ ಹೊಟ್ಟೆಯಲ್ಲಿದ್ದಾಗ ನನ್ನ ಎರಡು ಹಲ್ಲು ತೆಗೆಸಿದ್ರಿ. ಆಗ ನನಗೆ ಕೆಲಸ ಇರ್ಲಿಲ್ಲ. ಆ ಹಲ್ಲು ಯಾರದ್ದು ಇಚ್ಚಾಯಾ?"

ಮಾಷ್ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇಂಗ್ಲಿಷ್ ಪರೀಕ್ಷೆಗೆ ಮೂರು ಸಲ ಕೂತೆ, ಎರಡು ಸಲ ಫೇಲಾದೆ. ಮೂರು ಸಲವೂ ನೀವೇ ಕಟ್ಟಿದ್ರಿ. ಹೋಗೋ ಬಸ್ಸಿನಲ್ಲಿ ಓದ್ಕೋ ಅಂತ ಕಿಟಕಿ ಪಕ್ಕ ಕೂರಿಸ್ತಿದ್ರಿ. ಎಷ್ಟು ದಿನದ ಪಾಠ ಆಯ್ತು ಅಂತ ಆಗ ಕೇಳಿದ್ರಾ?"

ಮಾಷ್ ಬರೆದರು: ಇಲ್ಲ. ಕೆಳಗೆ ಇನ್ನೊಂದು ಸಾಲು: ಕೇಳಬೇಕು ಅನ್ನಿಸಲಿಲ್ಲ.

"ಹಾಗಾದ್ರೆ ನನಗೂ ಅಷ್ಟು ಬಿಡಿ," ಎಂದಳು ಎಲ್ಸಮ್ಮ.

ಈ ಮಾತುಕತೆಯನ್ನು ನನಗೆ ಹೇಳಿದವರು ಮಾಷ್‌ರೇ, ಎಷ್ಟೋ ದಿನಗಳ ನಂತರ, ನನ್ನ ಟ್ಯಾಕ್ಸಿಯಲ್ಲಿ, ಕಿಟಕಿಯ ಹೊರಗೆ ನೋಡುತ್ತ. ಅದಕ್ಕೆ ಅವರು 'ಆದ್ದರಿಂದ' ಸೇರಿಸಲಿಲ್ಲ.

ಹತ್ತು ದಿನಕ್ಕೆ ಮನೆಗೆ ಬಂದರು. ಗದ್ದದ ಕೆಳಗೆ ಎರಡಂಗುಲದ ಗಾಯ, ದನಿ ತುಸು ಒಡೆದಿತ್ತು. ಫೆಬ್ರವರಿಯ ಒಂದು ಸೋಮವಾರ ಎಲ್ಸಮ್ಮ ಕೊಟ್ಟ ದುಡ್ಡು ಜೇಬಿಗಿಟ್ಟುಕೊಂಡು, ಒಬ್ಬರೇ, ಅದೇ ದರಪಟ್ಟಿಯ ದಂತವೈದ್ಯರಲ್ಲಿಗೆ ಹೋಗಿ, ಉಳಿದ ಹಲ್ಲುಗಳನ್ನು ತೋರಿಸಿ, ಕೆಟ್ಟಿದ್ದ ಮೂರಕ್ಕೆ ಬೆಳ್ಳಿ ತುಂಬಿಸಿಕೊಂಡು ಬಂದರು. ಇನ್ನು ಒಂದು ತಿಂಗಳಲ್ಲಿ ಊರಿಗೆ ಹೋಗುವವರು.

"ಒಂದು ತಿಂಗಳು ತಡೆದಿದ್ರೆ ಶಿಷ್ಯ ಬಿಟ್ಟಿ ಮಾಡಿಕೊಡ್ತಿದ್ದನಲ್ಲ ಮಾಷೇ," ಎಂದು ಚಾಕೋಚ್ಚನ್ ಕೆಣಕಿದ.

"ಅಗಿಯೋದು ಇಲ್ಲಿ. ಅಲ್ಲಿನ ದರ ತಗೊಂಡು ಏನ್ ಮಾಡ್ಲಿ?" ಎಂದರು ಮಾಷ್, ಮರಗಟ್ಟಿದ ತುಟಿಯಿಂದ.

ಮಾರ್ಚಿನಲ್ಲಿ ಊರಿಗೆ ಹೋದಾಗ ಶಾಲೆಗೆ ಹೋಗಿ, ಇನ್ನೂ ಎರಡು ವರ್ಷ ಉಳಿದಿದ್ದ ರಜೆಯನ್ನು ರದ್ದುಮಾಡಿ ರಾಜೀನಾಮೆ ಕೊಟ್ಟು ಬಂದರು. ಮುಖ್ಯೋಪಾಧ್ಯಾಯರು ಅವಸರ ಮಾಡಬೇಡಿ ಎಂದರಂತೆ. ತಮ್ಮ ಜಾಗದಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದ ಹುಡುಗಿ ಮೂರು ವರ್ಷದಿಂದ ಕಾಯಂ ಆಗದೆ ಕಾಯುತ್ತಿದ್ದಾಳೆ, ಅವಳನ್ನು ಯಾಕೆ ಕಾಯಿಸಲಿ ಎಂದರಂತೆ ಇವರು. ಆ ರಾಜೀನಾಮೆಯೊಡನೆ ಹನ್ನೊಂದು ಸಾವಿರವೂ ಹೋಯಿತು, ನಾನೂರ ನಲವತ್ತೂ ಹೋಯಿತು; ಭಾಗಿಸಲು ಅವರ ಬಳಿ ಸಂಖ್ಯೆಯೇ ಉಳಿಯಲಿಲ್ಲ. ಐವತ್ತೈದರ ಮಗ್ಗಿ ಆಮೇಲೂ ಅಪರೂಪಕ್ಕೊಮ್ಮೆ, ವಿಶೇಷವಾಗಿ ಕ್ಷೌರದಂಗಡಿಯಲ್ಲಿ, ತುಟಿಗೆ ಬರುತ್ತಿತ್ತು. ಬಂದರೂ ಕುರ್ಚಿಯಿಂದ ಏಳುತ್ತಿರಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಟೆಸ್ಸಿಯ ಹಳೆಯ ಶಾಲೆಯ ಮುಂದಿನ ರಸ್ತೆಯಲ್ಲಿ ಮಕ್ಕಳನ್ನು ದಾಟಿಸುವ ಕೆಲಸ ಖಾಲಿಯಿದೆಯೆಂದು ನೋರೀನ್ ಸುದ್ದಿ ತಂದಳು. ದಿನಕ್ಕೆರಡು ಹೊತ್ತು, ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ. ಉದ್ದನೆಯ ಹಳದಿ ಕೋಟು ತೊಟ್ಟು, 'ನಿಲ್ಲಿ' ಎಂದು ಬರೆದ ದುಂಡು ಫಲಕದ ಕೋಲು ಹಿಡಿದು ನಡುರಸ್ತೆಯಲ್ಲಿ ನಿಲ್ಲಬೇಕು. ಕೊಡುವುದು ಅಷ್ಟಕ್ಕಷ್ಟೇ. ಸೀಮೆಸುಣ್ಣ ಹಿಡಿಯುವ ಕೈ ಇದಕ್ಕೆ ಒಪ್ಪೀತೇ ಎಂದು ನಾವು ಅನುಮಾನಿಸಿದೆವು. ಮಾಷ್ ಮರುದಿನವೇ ಅರ್ಜಿ ಕೊಟ್ಟರು. ಅವರು ಕೋಲೆತ್ತಿ ನಿಂತರೆ ಲಾರಿಗಳು ನಿಲ್ಲುತ್ತಿದ್ದವು. ಮಕ್ಕಳು ಎರಡು ಸಾಲಾಗದೆ ದಾಟುವಂತಿರಲಿಲ್ಲ. ದಾಟುತ್ತಿದ್ದ ಪುಟ್ಟ ಐರಿಷ್ ಮಕ್ಕಳನ್ನು "ಏಳೆಂಟ್ಲೆ?" ಎಂದು ಕೇಳುತ್ತಿದ್ದರು. ಉತ್ತರ ಹೇಳುತ್ತ ಆ ಕಡೆ ಸೇರಬೇಕು. ತಪ್ಪಿದವರು ನಾಳೆ ಹೇಳಬೇಕು. ಒಂದು ವರ್ಷದ ಬಳಿಕ ಶಾಲೆಯವರೇ ಅವರನ್ನು ಕರೆದು, ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ವಾರಕ್ಕೆ ಮೂರು ದಿನ ಹೇಳಿಕೊಡುತ್ತೀರಾ ಎಂದು ಕೇಳಿದರು. ನೋಂದಣಿಯ ಕಾಗದ ಆಗಲೂ ಬಂದಿರಲಿಲ್ಲ. ಅದಿಲ್ಲದೆ ಶಿಕ್ಷಕ ಎಂದು ಕರೆಯುವಂತಿಲ್ಲ ಎಂದರು. ಮಾಷ್ ಎಂದು ಕರೆಯಿರಿ, ಸಾಕು ಎಂದರಂತೆ ಇವರು.

ನಾನು ಆಗಾಗ ಬೆಳಿಗ್ಗೆ ಎಂಟರ ಹೊತ್ತಿಗೆ ಆಸ್ಪತ್ರೆಯ ಹಿಂಬದಿಯ ವಾಹನ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ರಾತ್ರಿಪಾಳಿಯ ಹೆಂಗಸರು ಹೊರಬರುವ ಸಮಯ. ಅಲ್ಲಿ ಎಂಟು ಹತ್ತು ಕಾರುಗಳಲ್ಲಿ ಎಂಟು ಹತ್ತು ಗಂಡಸರು ಕೂತಿರುತ್ತಾರೆ; ಒಬ್ಬ ಮನಿಲಾದವನು, ಒಬ್ಬ ಲಾಗೋಸಿನವನು, ಉಳಿದವರು ನಮ್ಮ ಕಡೆಯವರು. ಊರಿನಲ್ಲಿ ಒಬ್ಬ ಬ್ಯಾಂಕಿನಲ್ಲಿದ್ದ, ಒಬ್ಬ ಪೊಲೀಸಿನಲ್ಲಿದ್ದ, ಒಬ್ಬನಿಗೆ ಸ್ವಂತ ಅಂಗಡಿಯಿತ್ತು. ಪರದೇಶಕ್ಕೆ ಹೊರಟವರಿಗೆ ಬಾಡಿಗೆ ಎಷ್ಟು, ಅಕ್ಕಿ ಎಷ್ಟು, ಬಸ್ಸಿಗೆಷ್ಟು, ಕರೆಂಟಿಗೆಷ್ಟು ಎಂದು ಹೇಳಿಕೊಡಲು ಬೇಕಾದಷ್ಟು ಜನ ಸಿಗುತ್ತಾರೆ, ಅವರು ಹೇಳುವುದೂ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಹತ್ತಿಪ್ಪತ್ತು ವರ್ಷ ಮನೆಗೆ ತಂದುಹಾಕಿದವನು ಒಂದು ಬೆಳಿಗ್ಗೆ ಎದ್ದು ಹೆಂಡತಿಯ ಗಳಿಕೆಯ ಮುಂದೆ ಕೈಚಾಚುವುದಕ್ಕೆ ಎಷ್ಟು ತಗಲುತ್ತದೆಂದು ಹೇಳಿದವರನ್ನು ನಾನು ಕಂಡಿಲ್ಲ. ಇವರಲ್ಲಿ ಕೆಲವರು ಅದನ್ನು ಕುಡಿತವಾಗಿ ತೆರುತ್ತಾರೆ, ಕೆಲವರು ಹೆಂಡತಿಯ ಮೇಲಿನ ಸಿಟ್ಟಾಗಿ, ಇನ್ನು ಕೆಲವರು ಯಾರಿಗೂ ತಿಳಿಯದಂತೆ ತಮ್ಮ ಮೈಯಿಂದಲೇ ಮುರಿದುಕೊಡುತ್ತಾರೆ. ಬಾಗಿಲು ತೆರೆದು ದಣಿದ ಹೆಂಗಸರು ಹೊರಬರುತ್ತಾರೆ. ಗಂಡಸರು ಕೆಳಗಿಳಿದು ಅವರ ಕೈಚೀಲ ತೆಗೆದುಕೊಂಡು, ಪಕ್ಕದ ಬಾಗಿಲು ತೆರೆದು, ಕಾರಿನೊಳಗೆ ಬೆಚ್ಚಗಿದೆಯೇ ಎಂದು ಕೇಳುತ್ತಾರೆ. ಹಾಗೆ ಕೇಳುವಷ್ಟು ಸಲೀಸಾಗಿ, ತನಗೂ ಚಳಿಯಾಗುತ್ತಿದೆ ಎಂದು ಹೇಳಲು ಕಲಿತ ಗಂಡಸು ಮಾತ್ರ ಪರದೇಶದಲ್ಲಿ ಮನೆ ಮಾಡಿದ್ದಾನೆ ಎಂದು ನನ್ನ ತಿಳುವಳಿಕೆ. ಉಳಿದವರು ಎಷ್ಟು ವರ್ಷ ಬಾಡಿಗೆ ಕಟ್ಟಿದರೂ ಇನ್ನೂ ದಾರಿಯಲ್ಲೇ ಇದ್ದಾರೆ.